ರತ್ನತ್ತೆಯ ಕಿವಿಗೆ ಬಿದ್ದ ತೇಲು

ನಮ್ಮ ಸೋದರತ್ತೆ ವೆಂಕಟರತ್ನಮ್ಮ ವಿಮಾನದಲ್ಲಿ ಮಿಲಿಟರಿ ನರ್ಸಾಗಿದ್ದಳು ಎಂದರೆ ನಮ್ಮೂರು ಸುಗಟೂರಿನಲ್ಲಿ ಅರ್ಧ ಜನ ಈಗಲೂ ನಂಬುವುದಿಲ್ಲ. "ಮೇಲೆ ಹೋದ್ಮೇಲೆ ನರ್ಸ್ ಯಾಕಮ್ಮ ಬೇಕು?" ಎಂದು ನಗುತ್ತಾರೆ. ನಗಲಿ. ಗಾಯಾಳುಗಳನ್ನು ಮಲಗಿಸಿಕೊಂಡು ಗಡಗಡ ನಡುಗುವ ಡಕೋಟ ವಿಮಾನದಲ್ಲಿ ಹಾರುವ ಎದೆಗಾರಿಕೆ ನಮ್ಮ ವಂಶದಲ್ಲಿ ಇನ್ನೊಬ್ಬರಿಗೆ ಬರಲಿಲ್ಲ. ಏಣಿ ಹತ್ತಿದರೇ ತಲೆ ತಿರುಗುವ ನನ್ನ ಮಾತಂತೂ ಬಿಡಿ.

ಅವಳ ಅಪ್ಪ, ಅಂದರೆ ನಮ್ಮ ತಾತ ಆವಲಪ್ಪನವರಿಗೆ ಒಂದು ಹಠ. ಪ್ರಾಯದಲ್ಲಿ ಬೆಂಗಳೂರಿನ ಕಚೇರಿಯೊಂದರಲ್ಲಿ ಅವರ ತೆಲುಗು ಬೆರೆತ ಕನ್ನಡ ಕೇಳಿ ಯಾರೋ ನಕ್ಕಿದ್ದರಂತೆ. ಅಂದಿನಿಂದ ಮನೆಯಲ್ಲಿ ತೆಲುಗು ಬಂದ್. ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ ಅವರ ತಾಯಿ ದೊಡ್ಡಮುನಿಯಮ್ಮನಿಗೋ ತೆಲುಗು ಬಿಟ್ಟು ಬೇರೆ ಬಾರದು. ಮುದುಕಿ ಮಗನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ರೇಷ್ಮೆಹುಳುವಿನ ಕೋಣೆಯಲ್ಲಿ ಮೊಮ್ಮಗಳು ರತ್ನಳ ಜೊತೆ ಮಾತ್ರ ಪಿಸುಪಿಸು. ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುವ ಮುಂಚೆ ದಿನಾ ಒಂದೇ ಎಚ್ಚರಿಕೆ: "ತೇಲು ಉಂಟುಂದಿ, ಚೂಸುಕೋ." ಚೇಳು ಇರುತ್ತದೆ, ನೋಡಿಕೋ ಎಂದು. ಮೊಮ್ಮಗಳು ನರ್ಸಾಗುವ ಮುಂಚೆಯೇ ಆಕೆ ತೀರಿಕೊಂಡಳು.

೧೯೭೬ರಲ್ಲಿ ರಾಜಸ್ಥಾನದ ಮರಳುಗಾಡಿನ ಡೇರೆ ಆಸ್ಪತ್ರೆಯೊಂದರಿಂದ, ಕಾಲು ಮುರಿದುಕೊಂಡ ನಮ್ಮ ಕಡೆಯ ಸೈನಿಕ ಕದಿರೇಶನನ್ನು ರತ್ನತ್ತೆ ದೆಹಲಿಗೆ ಕರೆದೊಯ್ಯುತ್ತಿದ್ದಳು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಅವನು ಬೆವೆತು ಒದ್ದಾಡತೊಡಗಿದ. ಔಷಧದ ಮಂಪರಿನಲ್ಲಿ ಅವನ ಬಾಯಲ್ಲಿ ಒಂದೇ ಮಾತು: "ತೇಲು... ತೇಲು..."

ಜೊತೆಗಿದ್ದ ಡಾಕ್ಟರು ಧಾರವಾಡದವರು. ಅವರಿಗೆ ನಗು ಬಂತು. "ತೇಲಾಕತ್ತೇನಿ ಅಂತಾನ ನೋಡ್ರಿ. ಮೊದಲ ಸಲ ವಿಮಾನ ಹತ್ಯಾನ, ಪಾಪ. ನಿದ್ದಿ ಇಂಜೆಕ್ಷನ್ ಕೊಡ್ರಿ, ಸಿಸ್ಟರ್."

ರತ್ನತ್ತೆ ಸಿರಿಂಜಿಗೆ ಔಷಧ ತುಂಬಿಕೊಂಡೂ ಆಗಿತ್ತು. ಅಷ್ಟರಲ್ಲಿ ಅವಳಿಗೆ ಸೊಪ್ಪಿನ ಹೊರೆ ನೆನಪಾಯಿತು. ಸಿರಿಂಜು ಬದಿಗಿಟ್ಟು, ಡಾಕ್ಟರು "ಏನ್ರೀ ಇದು" ಎನ್ನುತ್ತಿದ್ದಂತೆಯೇ ಕಂಬಳಿ ಕಿತ್ತೆಸೆದಳು. ಒಳ್ಳೆಯ ಕಾಲಿನ ಹಿಮ್ಮಡಿಯ ಹತ್ತಿರ ಕೆಂಚು ಚೇಳೊಂದು ಕುಟುಕಿ, ಕೊಂಡಿ ಎತ್ತಿಕೊಂಡು ಕೂತಿತ್ತು. ಡೇರೆಯಿಂದ ಕಂಬಳಿಯ ಮಡಿಕೆಯಲ್ಲೇ ಅದೂ ವಿಮಾನ ಹತ್ತಿತ್ತು.

ಬೂಟಿನಲ್ಲಿ ಅದನ್ನು ಜಜ್ಜಿ, ಆಮ್ಲಜನಕ ಕೊಟ್ಟು, ಹತ್ತಿರದ ನಿಲ್ದಾಣದಲ್ಲಿ ವಿಮಾನ ಇಳಿಸುವವರೆಗೂ ಅವಳು ಅವನ ನಾಡಿ ಬಿಡಲಿಲ್ಲ. ಕದಿರೇಶ ಉಳಿದ. ನಿದ್ದೆಯ ಮದ್ದು ಬಿದ್ದಿದ್ದರೆ ಹುಡುಗ ಏಳುತ್ತಲೇ ಇರಲಿಲ್ಲ ಎಂದು ಡಾಕ್ಟರೇ ಆಮೇಲೆ ಒಪ್ಪಿಕೊಂಡರಂತೆ. ಒಪ್ಪಿಕೊಂಡದ್ದು ಅವರ ದೊಡ್ಡತನ.

ನಾಲ್ಕು ತಿಂಗಳಿಗೆ ರತ್ನತ್ತೆ ರಜೆಗೆ ಬಂದಾಗ ಕದಿರೇಶ ಊರುಗೋಲು ಹಿಡಿದು ಮನೆ ಹುಡುಕಿಕೊಂಡು ಬಂದ. ಮುಳಬಾಗಿಲಿನ ಆಚೆಯ ಹಳ್ಳಿಯವನು. ಜೊತೆಗೆ ಬಂದ ಅವನ ತಾಯಿ ಮುನಿಗಂಗಮ್ಮ ಹೊಸ್ತಿಲಲ್ಲೇ ನಿಂತು, ತೆಲುಗಿನಲ್ಲಿ ಅಳುತ್ತಾ ಅತ್ತೆಯನ್ನು ಹರಸತೊಡಗಿದಳು. ನಾವೆಲ್ಲ ಹೆದರಿ ತಾತನ ಮುಖ ನೋಡಿದೆವು. ರತ್ನತ್ತೆ ಅವಸರವಸರವಾಗಿ ಆ ಮಾತನ್ನು ಕನ್ನಡದಲ್ಲಿ ಹೇಳಹೊರಟಳು.

"ನಂಗೂ ಅರ್ಥ ಆಗ್ತದೆ, ಸುಮ್ನಿರೇ" ಎಂದರು ತಾತ. ಎದ್ದು, ತಾವೇ ಚಾಪೆ ಹಾಸಿ, ಆಕೆಗೆ ಹೇಳಿದರು: "ರಾ ಅಮ್ಮಾ, ಕೂರ್ಚೋ."

ಬಾ ಅಮ್ಮ, ಕೂತ್ಕೋ ಎಂದಷ್ಟೇ. ಆಕೆ ಕೂತಳು. ತಾತ ಮಾತ್ರ ನಿಂತೇ ಇದ್ದರು. ಆಮೇಲೆ ಮಗಳ ಕಡೆ ತಿರುಗಿ ಅಂದರು: "ನಮ್ಮಮ್ಮಂಗೆ ಒಂದಿನಾನೂ ಹಿಂಗಂದಿಲ್ಲ ಕಣೇ ನಾನು."