ಯಜಮಾನರು ಮಾರದ ಷೇರು

ನಮ್ಮ ಯಜಮಾನರದು ಅಜ್ಜಂಪುರದ ಕಡೆ ದನದ ವ್ಯಾಪಾರ. ಎಲ್ಲರೂ ಬೇಡ ಅಂದ ಬಡಕಲು ಹಸುವಿನ ಹಲ್ಲು, ಬೆನ್ನು ನೋಡಿ ಕಮ್ಮಿಗೆ ಹಿಡಿಯೋರು, ಮೇಯಿಸಿ ಒಳ್ಳೆ ಬೆಲೆಗೆ ಕೊಡೋರು. ಷೇರನ್ನೂ ಹಾಗೇ ನೋಡಿ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಆ ಷೇರು ನನ್ನ ಹೆಸರಿಗೆ ಬಂತು. ಮಾರಿಬಿಡೋಣ ಅಂತ ಕಡೂರಿನ ಷೇರು ಆಫೀಸಿಗೆ ಹೋದೆ.

ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಅಜ್ಜೀ, ಇವು ವ್ಯಾಲ್ಯೂ ಷೇರು. ಕಂಪನಿ ಗಟ್ಟಿ, ಬೆಲೆ ಮಾತ್ರ ಕಮ್ಮಿ. ಇವನ್ನ ಮಾರಿ ಗ್ರೋತ್ ಷೇರು ತಗೊಳ್ಳಿ. ಬೆಲೆ ಜಾಸ್ತಿ, ಆದ್ರೆ ಮುಂದೆ ಚೆನ್ನಾಗಿ ಬೆಳೀತವೆ" ಅಂದಳು.

"ಕೊಂಬು ಮೂಡದ ಕರುವಿಗೆ ಎತ್ತಿನ ಬೆಲೆ ಕೊಡು ಅಂತೀಯೇನವ್ವ?"

ನಕ್ಕಳು. "ಹಾಗಾದ್ರೆ ಇವನ್ನೇ ಇಟ್ಕೊಳ್ಳಿ. ಇನ್ನೊಂದು ವರ್ಷ ಕಾದ್ರೆ ತಕ್ಕ ಬೆಲೆ ಬರುತ್ತೆ."



"ನಮ್ಮ ಯಜಮಾನ್ರೂ ಇದನ್ನೇ ಅಂದಿದ್ರು ಕಣವ್ವ. ಅವರ ಹೃದಯದ ಆಪರೇಷನ್‌ಗೆ ಷೇರು ಮಾರಿ ಅಂತ ಕೈ ಮುಗಿದೆ. ಇನ್ನೊಂದು ವರ್ಷ ತಡಿಯೇ, ಈಗ ಮಾರೋದು ದಡ್ಡತನ ಅಂದ್ರು. ನಾಲ್ಕೇ ತಿಂಗಳಿಗೆ ಹೋಗ್ಬಿಟ್ರು."

ಹುಡುಗಿ ಮೆಲ್ಲಗೆ, "ತಾತನ ಲೆಕ್ಕ ತಪ್ಪಿರಲಿಲ್ಲ ಅಜ್ಜೀ. ಅವಾಗಿಗಿಂತ ಬೆಲೆ ಏರಿದೆ" ಅಂದಳು.

"ತಪ್ಪಿರಲಿಲ್ಲ. ಷೇರಿನ ಆಯಸ್ಸು ನೋಡಿದ್ರು, ತಮ್ಮದು ನೋಡ್ಲಿಲ್ಲ. ಮಾರವ್ವ."

ಮಾರಿದಳು. ಬಾಗಿಲವರೆಗೂ ಬಂದು, "ನೀವೂ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಳ್ಳಿ ಅಜ್ಜೀ" ಅಂದಳು. ನಮ್ಮೂರು ತರೀಕೆರೆಗೆ ವಾಪಸ್ ಬಂದು ತೋರಿಸಿದೆ. ನನ್ನ ಹೃದಯ ಬಲು ಚೆನ್ನಾಗಿದೆಯಂತೆ, ಇನ್ನೂ ಬಹಳ ವರ್ಷ ಹೀಗೇ ಓಡುತ್ತಂತೆ. ಡಾಕ್ಟ್ರು ಅದನ್ನ ಸಂತೋಷದ ಸುದ್ದಿ ಅಂತ ಹೇಳಿದ್ರು. ನಾನೂ ತಲೆ ಆಡಿಸಿ, ಅವರಿಲ್ಲದ ಮನೆಗೆ ಬಂದೆ.