ಗೋಡೆಗೆ ತಿರುಗಿಸಿಟ್ಟ ಅವ್ವ

ಮೊನ್ನೆ ಒಂದು ಬಿಳಿ ರವಿಕೆ ಮೇಲೆ ಮೆಷಿನ್ ಎಣ್ಣೆ ಬಿತ್ತು. ಮದುವೆಗೆ ಅಂತ ಹೊಲಿಸಿದ್ದು, ಸಂಜೆಗೇ ಕೊಡಬೇಕು. ನನ್ನ ಕೈ ಸೇದೋಗ ಅಂತ ಬೈಕೊಂಡು ಡ್ರಾಯರಿನ ಮೂಲೆಯಲ್ಲಿದ್ದ ಟರ್ಪೆಂಟೈನ್ ಸೀಸೆ ತೆಗೆದೆ. ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಮುಚ್ಚಳ ಬಿಚ್ಚಿದ್ದೇ ತಡ, ಆ ವಾಸನೆ... ಕಲೆ ಒರೆಸೋದು ಬಿಟ್ಟು ಸುಮ್ಮನೆ ಕೂತುಬಿಟ್ಟೆ. ಪಕ್ಕದ ಮಳಿಗೆಯ ಪೇಂಟರಣ್ಣ ಬಾಗಿಲು ತೆಗೆದರೇನೋ ಅನ್ನಿಸಿತು. ಅವರು ಹೋಗಿ ಎಷ್ಟು ವರ್ಷ ಆಯಿತು! ಆ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ಮಾಡ್ತಾರೆ.

ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿ ನಮ್ಮಿಬ್ಬರಿಗೂ ಒಂದೇ ಗೋಡೆ. ಈ ಕಡೆ ನನ್ನ ಹೊಲಿಗೆ ಅಂಗಡಿ, ಆ ಕಡೆ ಅವರ ಸ್ಟುಡಿಯೋ. ಸ್ಟುಡಿಯೋ ಅಂದರೆ ಏನು ಮಹಾ, ಹತ್ತಡಿ ಜಾಗ, ಹಿಂದೆ ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌ. ಹೆಂಡತಿ, ಮಕ್ಕಳು, ಅಣ್ಣ, ತಮ್ಮ ಅಂತ ಯಾರೂ ಇರಲಿಲ್ಲ. ಅಂಗಡಿ ಬೋರ್ಡು, ಲಾರಿ ನಂಬರು, ಶಾಲೆ ಗೋಡೆಗೆ ಭೂಪಟ, ಚುನಾವಣೆ ಬಂದರೆ ಎಲ್ಲಾ ಪಕ್ಷದ ಚಿಹ್ನೆ, ಏನು ಕೇಳಿದರೂ ಬರೆಯುತ್ತಿದ್ದರು. ಬ್ರಷ್ ಒರೆಸೋಕೆ ನನ್ನ ಹತ್ತಿರ ಬಟ್ಟೆ ಚೂರು ಇಸ್ಕೊಳ್ಳೋರು. "ಕಾಟನ್ ಕೊಡು ಟೈಲರವ್ವ, ಸಿಲ್ಕ್ ಬ್ಯಾಡ. ನನ್ ಬ್ರಷ್‌ಗೆ ಅಷ್ಟೊಂದು ಸೋಕಿ ಇಲ್ಲ" ಅನ್ನೋರು.

ಆದರೆ ತಗಡೂರಿಂದ, ಬದನವಾಳಿಂದ, ಮುಡುಕುತೊರೆ ಕಡೆಯಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬೇರೆ ಕೆಲಸಕ್ಕೆ. ತೀರಿಹೋದವರ ಚಿತ್ರ ಬರೆಸೋಕೆ. ಫೋಟೊ ಇದ್ದವರದಲ್ಲ, ಒಂದೂ ಫೋಟೊ ಇಲ್ಲದವರದು. ಬದನವಾಳಿನ ಖಾದಿ ಬಟ್ಟೆ ತಂದು, ಮರದ ಚೌಕಟ್ಟಿಗೆ ಬಿಗಿದು, ಬಿಳಿ ಬಳಿದು ಒಣಗಿಸೋರು. ಆಮೇಲೆ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಕೊಂಡು ಸತ್ತವರ ಮುಖ ಹೇಗಿತ್ತು ಹೇಳಿ ಅನ್ನೋರು. ಒಬ್ಬರು ಕೆಂಪಗಿದ್ದರು ಅನ್ನೋರು, ಇನ್ನೊಬ್ಬರು ಒಳ್ಳೆಯವರು ಅನ್ನೋರು. ಅಷ್ಟೇ, ಮುಂದಕ್ಕೆ ಮಾತು ಬರುತ್ತಿರಲಿಲ್ಲ. "ನೋಡ್ದಾ ಟೈಲರವ್ವ, ಜತೇಲಿ ಉಂಡು ಮಲಗ್ದೋರ್ಗೇ ಮೊಕ ಗ್ಯಾಪಕ ಇರಕಿಲ್ಲ" ಅಂತ ಆಮೇಲೆ ನನ್ನ ಹತ್ತಿರ ಹೇಳಿಕೊಂಡು ನಗೋರು. ಕೊನೆಗೆ ಆ ಸಾಲಿನಲ್ಲಿ ಒಬ್ಬರ ಮುಂದೆ ನಿಂತು, "ಇವರೊಳ್ಗೇ ಅವ್ರೆ ಅವ್ರು" ಅನ್ನೋರು. ಅವರನ್ನೇ ಸ್ಟೂಲ್ ಮೇಲೆ ಕೂರಿಸಿಕೊಂಡು, ಸತ್ತವರ ವಯಸ್ಸು ತುಂಬಿ, ಚಿತ್ರ ಮುಗಿಸೋರು. ಎಷ್ಟೋ ಜನ ಅದನ್ನು ನೋಡಿ ಅಲ್ಲೇ ಗೋಳೋ ಅಂತ ಅತ್ತಿದ್ದನ್ನು ನಾನೇ ಕಂಡಿದ್ದೇನೆ.

ನಮ್ಮ ಅವ್ವನದು ಒಂದೇ ಒಂದು ಫೋಟೊ ಇತ್ತು. ಕಪಿಲೆ ಉಕ್ಕಿ ಮನೆಗೆ ನುಗ್ಗಿದ ವರ್ಷ ಅದೂ ನೆನೆದು, ಮುಖ ಇದ್ದ ಜಾಗ ಬಿಳಿಚಿಕೊಂಡಿತು. ಅವ್ವ ಹೋಗಿ ಆಗಲೇ ಮೂರು ವರ್ಷ. ಪಿತೃಪಕ್ಷದಲ್ಲಿ ಎಡೆ ಇಡೋಕೆ ಕೂತರೆ ಎದುರಿಗೆ ಬರೀ ಗೋಡೆ. ಬೇರೆ ಮನೆಗಳಲ್ಲಿ ಹಾರ ಹಾಕಿದ ಮುಖಗಳನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಗಂಡ ಬಿಟ್ಟುಹೋದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ, ಸತ್ಯವಾಗಿ ಹೇಳ್ತೀನಿ. ಪೇಂಟರಣ್ಣನ್ನ ಕೇಳಿದೆ. ಅವರು ನನ್ನನ್ನೂ ನಮ್ಮಣ್ಣನ್ನೂ ಬೆಳಕಿಗೆ ನಿಲ್ಲಿಸಿ ನೋಡಿ, "ನೀನೇ ಕೂತ್ಕೋ ಕಣವ್ವ" ಅಂದರು.

ಹತ್ತು ಮಧ್ಯಾಹ್ನ ಕೂತೆ. ಊಟ ಆದಮೇಲೆ ಮೆಷಿನ್ ಮುಚ್ಚಿ ಹೋಗುತ್ತಿದ್ದೆ. ಅವರು ಬರೆಯುತ್ತಾ ಅವ್ವನ ವಿಷಯ ಕೇಳೋರು. ಸಿಟ್ಟು ಬಂದರೆ ಏನು ಮಾಡೋಳು, ಬಿಸಿಲಿಗೆ ಯಾವ ಕಣ್ಣು ಕಿರಿದು ಮಾಡೋಳು, ಸುಳ್ಳು ಹೇಳುವಾಗ ಎಲ್ಲಿ ನೋಡೋಳು... ನಾನು ಹೇಳಿದ್ದೇ ಹೇಳಿದ್ದು. ನನ್ನ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದವರು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಅವರೂ ಒಂದು ದಿನ ಹೇಳಿಕೊಂಡರು, ರಜೆ ದಿನ ಬಸ್ಸು ಹತ್ತಿ ತಿರುಮಕೂಡಲಿಗೆ ಹೋಗಿ ಎರಡು ಹೊಳೆ ಸೇರೋದನ್ನ ನೋಡ್ತಾ ಕೂತಿದ್ದು ಬರ್ತೀನಿ, ಮಾತಾಡೋಕೆ ಯಾರೂ ಸಿಗಲ್ಲ ಅಂತ.

ಹನ್ನೊಂದನೇ ದಿನ ಚಿತ್ರ ನನ್ನ ಕಡೆ ತಿರುಗಿಸಿದರು. ಅದು ನಾನು! ನನಗೇ ನರೆ ಬರಿಸಿ, ಕೆನ್ನೆ ಇಳಿಸಿ ಕೂರಿಸಿಬಿಟ್ಟಿದ್ದರು. ರವಿಕೆ ಇಸ್ಕೊಳ್ಳೋಕೆ ಬಂದಿದ್ದ ಇಬ್ಬರು ಹೆಂಗಸರು ಬಗ್ಗಿ ನೋಡಿ, "ಅಯ್ಯೋ, ಇದು ನೀನೇ ಕಣಕ್ಕ! ಬದ್ಕಿರೋಳ್ ಮೊಕಕ್ಕೆ ಆರ ಆಕಿ ಎಡೆ ಇಡ್ತೀಯಾ?" ಅಂದರು. ನನ್ನ ಬಾಯಿ ಮೊದಲಿಂದಲೂ ಜೋರು. ಅವತ್ತು ಹೆದರಿಕೆ ಬೇರೆ ಸೇರಿಕೊಂಡಿತ್ತು.

"ನನ್ನ ಸಾಯ್ಸಕ್ಕೆ ಬರ್ದಿದ್ದೀರಾ? ನಮ್ಮವ್ವನ್ನ ಬರೀರಿ ಅಂದ್ರೆ ನನ್ನ ತಿಥಿ ಮಾಡಕ್ಕೆ ಹೊಂಟಿದ್ದೀರಲ್ಲ! ಮೊಕ ನೋಡಿ ಬರಿಯೋ ಯೋಗ್ಯತೆ ಇಲ್ದಿದ್ರೆ ಬೋರ್ಡ್ ಬರ್ಕೊಂಡಿರಿ!"

ಅವರು ಬ್ರಷ್ ಒರೆಸುತ್ತಲೇ ಇದ್ದರು. ಒಂದೇ ಮಾತು ಅಂದರು: "ಸ್ವಲ್ಪ ದಿವ್ಸ ಬುಟ್ಟು ನೋಡವ್ವ." ಆಮೇಲೆ ಚಿತ್ರ ಎತ್ತಿ ಗೋಡೆ ಕಡೆಗೆ ತಿರುಗಿಸಿಟ್ಟರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲವಲ್ಲ! ಅಂಗಡಿಗೆ ಬಂದ ಹೆಂಗಸರಿಗೆಲ್ಲ ಅಳತೆ ತೆಗೆಯುತ್ತಾ ಅದನ್ನೇ ಹೇಳಿದೆ. ಅವರು ತಮ್ಮ ಊರಿಗೆ ಹೋಗಿ ಹೇಳಿದರು. ಬದುಕಿರುವವರನ್ನು ಸತ್ತವರ ಜಾಗದಲ್ಲಿ ಕೂರಿಸ್ತಾನಂತೆ ಅಂತ ಮಾತು ಹಬ್ಬಿತು. ಸತ್ತವರ ಚಿತ್ರ ಕೇಳಿಕೊಂಡು ಬರೋರು ನಿಂತೇ ಹೋದರು. ಅದಾದ ಸ್ವಲ್ಪ ದಿನಕ್ಕೆ ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸವೂ ಹೋಯಿತು. ಫ್ಲೆಕ್ಸ್ ಬಂದು ಪಾಪ ಪೇಂಟರ್ ಹಾಳಾದರು ಅಂತ ರಸ್ತೆಯವರೆಲ್ಲ ಅಂತಾರೆ. ನಾನೂ ಹೂಂ ಅಂತೀನಿ. ಫ್ಲೆಕ್ಸಿಗಿಂತ ಮೊದಲು ನನ್ನ ಬಾಯಿ ಬಂದಿತ್ತು ಅನ್ನೋದು ನನಗೊಬ್ಬಳಿಗೇ ಗೊತ್ತು.

ಮಳಿಗೆ ಬಿಟ್ಟು ತಿ. ನರಸೀಪುರಕ್ಕೆ ಹೊರಟ ದಿನ ನನ್ನ ಬಾಗಿಲಲ್ಲಿ ನಿಂತು ಈ ಸೀಸೆ ಕೊಟ್ಟರು. "ಬಟ್ಟೆ ಮ್ಯಾಲೆ ಎಣ್ಣೆ ಬಿದ್ರೆ ಇದ್ರಲ್ಲಿ ಒರ್ಸು, ಓಯ್ತದೆ" ಅಂದರು. ತಪ್ಪಾಯಿತು ಅನ್ನೋ ಮಾತು ಬಾಯಿ ತನಕ ಬಂದಿತ್ತು. ಜಂಬ ನೋಡಿ, ತಲೆ ಎತ್ತದೆ ಗುಂಡಿ ಹೊಲಿಯುತ್ತಾ ಕೂತಿದ್ದೆ. ಎರಡು ವರ್ಷದ ಮೇಲೆ ಅಲ್ಲಿನ ಟೀ ಅಂಗಡಿಯವರು ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ತಂದುಕೊಟ್ಟರು. "ನಮ್ಮನೇಲಿ ಬಾಡ್ಗೆಗಿದ್ರು, ತೀರ್ಕಂಡ್ರು. ನಂಜನಗೂಡ್ ಟೈಲರವ್ವಂಗೆ ಕೊಡಿ ಅಂದಿದ್ರು. ಮಣ್ಣು ಮಾಡಕ್ಕೆ ಅವರ ಕಡೆಯೋರು ಅಂತ ಯಾರೂ ಬರ್ಲಿಲ್ಲ ಕಣಕ್ಕ, ನಾವೇ ಮಾಡ್ದೊ" ಅಂದರು. ಏನಿದೆ ಅಂತ ಗೊತ್ತಿತ್ತು. ಬಿಚ್ಚಲಿಲ್ಲ. ಬೀರುವಿನ ಹಿಂದಕ್ಕೆ ತಳ್ಳಿಬಿಟ್ಟೆ.

ಮೊನ್ನೆ ಆ ವಾಸನೆ ಬಂದ ಮೇಲೆ ನನ್ನ ಕೈಲಿ ತಡೆಯೋಕಾಗಲಿಲ್ಲ. ಬೀರು ಜರುಗಿಸಿ, ಧೂಳು ಕೊಡವಿ, ಪೇಪರ್ ಹರಿದೆ.

ಅವ್ವ ಕೂತಿದ್ದಳು. ಬಿಸಿಲಿಗೆ ಎಡಗಣ್ಣು ಒಂಚೂರು ಕಿರಿದು ಮಾಡಿಕೊಂಡು, ಇನ್ನೇನು ಬೈಯೋಕೆ ಬಾಯಿ ತೆರೆಯೋ ಹಾಗೆ. ಇದನ್ನ ನಾನು ಹೇಗೆ ಕಾಣದೇ ಹೋದೆ? ಅಳತೆ ನೋಡಿಕೊಳ್ಳೋಕೆ ಇಟ್ಟಿರೋ ನಿಲುವುಗನ್ನಡಿ ಕಡೆ ತಿರುಗಿದೆ. ಅವ್ವ ತೀರಿಹೋದ ವಯಸ್ಸು ನನಗೀಗ. ಅಲ್ಲೂ ಅವಳೇ ಇದ್ದಳು. ಅವರು ತಪ್ಪು ಬರೆದಿರಲಿಲ್ಲ, ನನಗೆ ಆ ಮುಖ ಬರೋಕೆ ಇಷ್ಟು ವರ್ಷ ಹಿಡಿಯಿತು. ನೆಲದ ಮೇಲೆ ಕೂತು ಅತ್ತೆ. ರವಿಕೆಯವಳು ಬಂದು ಬಾಗಿಲು ಬಡಿದು ವಾಪಸ್ ಹೋದಳು.

ಈ ಸಲ ಅವ್ವನ ಮುಂದೆ ಎಡೆ ಇಡ್ತೀನಿ, ಹಾರವನ್ನೂ ಹಾಕ್ತೀನಿ, ಯಾರು ಏನಾದರೂ ಅಂದುಕೊಳ್ಳಲಿ. ಪೇಂಟರಣ್ಣನಿಗೂ ಒಂದು ಎಲೆ ಹಾಕಬೇಕು ಅಂತ ಮನಸ್ಸು. ಅವರದ್ದೊಂದು ಫೋಟೊ ಎಲ್ಲೂ ಇಲ್ಲ, ಟೀ ಅಂಗಡಿಯವರಿಗೂ ಫೋನ್ ಮಾಡಿ ಕೇಳಿದೆ. ಕಣ್ಣು ಮುಚ್ಚಿಕೊಂಡು ಅವರು ಹೇಗಿದ್ದರು ಅಂತ ನೆನೆಸಿಕೊಂಡೆ. ಚಿಂದಿಯಲ್ಲಿ ಬ್ರಷ್ ಒರೆಸೋ ಬೆರಳು ಬಂತು, ದನಿ ಬಂತು, ಈ ಸೀಸೆಯ ವಾಸನೆ ಬಂತು... ಮುಖ ಬರಲಿಲ್ಲ. ಒಂದೇ ಗೋಡೆಯ ಆ ಕಡೆ ಈ ಕಡೆ ಹದಿನೈದು ವರ್ಷ ಇದ್ದೆವು, ಒಳ್ಳೆಯವರು ಅನ್ನೋದು ಬಿಟ್ಟರೆ ನನಗೂ ಏನೂ ಹೇಳೋಕೆ ಬರ್ತಿಲ್ಲ. ಅವರನ್ನು ಬರೆಸೋಣ ಅಂದರೆ, ಸ್ಟೂಲ್ ಮೇಲೆ ಕೂರಿಸೋಕೆ ಅವರ ಪೈಕಿ ಯಾರೂ ಇಲ್ಲ.