ಪಟ್ಟದ ಗೊಂಬೆಯ ಪಕ್ಕದ ವಿಮಾನ

ವಿಮಾನ ನೆಲ ಬಿಡುವ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿ, ಆಸನದ ಎರಡೂ ಕೈಗಳನ್ನು ಬಿಗಿಹಿಡಿದು, ಬಾಲ್ಯದಲ್ಲಿ ಅರ್ಧಂಬರ್ಧ ಕಲಿತ ಹನುಮಂತನ ಶ್ಲೋಕವನ್ನು ಅರ್ಧಂಬರ್ಧವಾಗಿಯೇ ಜಪಿಸುವವನು. ಪಕ್ಕದವರು ಅದನ್ನು ಧ್ಯಾನವೆಂದು ತಿಳಿದು ಗೌರವದಿಂದ ಮೊಣಕೈ ಸರಿಸಿಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಜರ್ಮನಿಯ ಅಬ್‌ಸ್ಟಾಟ್ ಎಂಬ ಊರಿನಲ್ಲಿ ನನ್ನ ಉದ್ಯೋಗವಾದರೂ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದು. ಚಲಿಸುವುದನ್ನು ನಿಲ್ಲಿಸುವುದೇ ನನ್ನ ಸ್ವಧರ್ಮ. ಇಂಥವನು ಯುದ್ಧವಿಮಾನಗಳ ಮಹಾಪಂಡಿತನೆಂದರೆ ನೀವು ನಗಬಹುದು. ನನ್ನ ಹೆಂಡತಿ ಸುಮಾ ಮದುವೆಯಾದಂದಿನಿಂದ ನಗುತ್ತಿದ್ದಾಳೆ.

ನಮ್ಮ ಮನೆಯೊಡತಿ ಫ್ರಾವ್ ಬೆಕ್ ಕೆಳಗಿನ ಅಂತಸ್ತಿನಲ್ಲಿದ್ದಾರೆ. ಎಂಬತ್ತು ದಾಟಿದವರು, ನನ್ನ ಮಗಳಿಗೆ ಈ ದೇಶದಲ್ಲಿ ಸಿಕ್ಕ ಅಜ್ಜಿ. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಸಾಲುಸಾಲಾಗಿ ಕೆಡವಿದ ಹೆಸರಾಂತ ವೈಮಾನಿಕರೆಂದು ಪಕ್ಕದ ಮನೆಯವರಿಂದ ತಿಳಿದಾಗ ನನ್ನ ಪಾಂಡಿತ್ಯಕ್ಕೆ ಕೋಡು ಮೂಡಿತು. ಅವರ ಬಾಯಿಂದ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಅದನ್ನು ವಿನಯವೆಂದೇ ಬಗೆದೆ. ತಾತ ಎಂದೋ ದಿವಾನರ ಕೈಕುಲುಕಿದ್ದನ್ನು ಮೂರು ತಲೆಮಾರು ಹೇಳಿಕೊಂಡು ತಿರುಗುವ ವಂಶ ನಮ್ಮದು. ಹೆಮ್ಮೆಪಡದ ಮಕ್ಕಳೂ ಇರುತ್ತಾರೆಂದು ನನಗೆ ಹೊಳೆಯಲಿಲ್ಲ.

ದಸರೆ ಬಂತು. ಮೈಸೂರಿನವರಾದ ನಾವು ಇಲ್ಲಿಯೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ಆಯುಧಪೂಜೆಯಂದು ಫ್ರಾವ್ ಬೆಕ್ ತಪ್ಪದೆ ಬರುತ್ತಾರೆ. ಈ ಸಲ ಅವರನ್ನು ಅಚ್ಚರಿಗೊಳಿಸಲೆಂದು, ಅವರ ತಂದೆ ಹಾರಿಸುತ್ತಿದ್ದಂಥ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಿ, ಕೆಡವಿದ ಒಂದೊಂದು ವಿಮಾನಕ್ಕೆ ಒಂದೊಂದರಂತೆ ಬಾಲದ ಮೇಲೆ ಬಿಳಿ ಗೀಟುಗಳನ್ನೆಳೆದು, ಆಯುಧವೆಂದ ಮೇಲೆ ಕುಂಕುಮವನ್ನೂ ಇಟ್ಟು, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳ ಪಕ್ಕದಲ್ಲೇ ನಿಲ್ಲಿಸಿದೆ.

"ರಾಜಾ ರಾಣಿ ಪಕ್ಕ ಅದ್ಯಾಕ್ರೀ? ಅವ್ರನ್ನ ಒಂದ್ ಮಾತು ಕೇಳಿದ್ರಾ?" ಎಂದಳು ಸುಮಾ.

"ಸರ್‌ಪ್ರೈಸ್ ಅಂದ್ರೆ ಕೇಳಿ ಮಾಡ್ತಾರೇನೇ?" ಎಂದೆ.

ಫ್ರಾವ್ ಬೆಕ್ ಕೋಸಂಬರಿಯ ಬಟ್ಟಲು ಹಿಡಿದು ಗೊಂಬೆಗಳ ಮುಂದೆ ನಿಂತರು. ನಾನು ಎಂಜಿನ್ನು, ರೆಕ್ಕೆ, ಗೀಟುಗಳ ಬಗ್ಗೆ ಜರ್ಮನ್ ವ್ಯಾಕರಣವನ್ನು ಸಾಲುಸಾಲಾಗಿ ಕೆಡವುತ್ತ ಭಾಷಣ ಮಾಡಿದೆ. ಅವರು ಬಟ್ಟಲನ್ನು ಮೇಜಿನ ಮೇಲಿಟ್ಟುಬಿಟ್ಟರು. ಮಗಳು "ಪಾಪಾ, ನೈನ್" ಎಂದು ಬೇಡವೆನ್ನುತ್ತ ತೋಳು ಜಗ್ಗಿದಳು. ನನ್ನ ಬ್ರೇಕುಗಳೆಲ್ಲ ಕಾರಿಗೆ. ನಾಲಗೆಗೆ ಇನ್ನೂ ಅಳವಡಿಸಿಲ್ಲ.

"ಒಂದೊಂದು ಗೀಟೂ ಯಾರದೋ ಮನೆಯ ಹುಡುಗ" ಎಂದರು ಫ್ರಾವ್ ಬೆಕ್, ಮೆಲ್ಲಗೆ. "ಯುದ್ಧ ಮುಗಿದ ಮೇಲೆ ಅಪ್ಪ ವಿಮಾನ ಹತ್ತಲೇ ಇಲ್ಲ. ನನ್ನ ಮದುವೆ ಸ್ಪೇನಿನಲ್ಲಿ ಆಯಿತು. ರೈಲಿನಲ್ಲೇ ಬಂದರು."

ಮಗಳ ಅಜ್ಜಿಯನ್ನು ನನ್ನ ಜಂಬವೇ ಮನೆಯಿಂದ ಆಚೆ ಕಳಿಸುತ್ತಿದೆಯಲ್ಲ ಎಂದು ನಿಜಕ್ಕೂ ಹೆದರಿದೆ. ವಿಮಾನವನ್ನೆತ್ತಿ ಕಪಾಟಿಗೆ ಸೇರಿಸಿ, ಕ್ಷಮೆ ಕೇಳಿದೆ. ಆ ಒಂದು ವಾಕ್ಯದಲ್ಲಿ ಮಾತ್ರ ವ್ಯಾಕರಣ ತಪ್ಪಲಿಲ್ಲ.

ಅವರು ಬಾಗಿಲ ಕಡೆ ತಿರುಗಿದವರು ಕೆಳಗಿನ ಮೆಟ್ಟಿಲ ಮುಂದೆ ನಿಂತರು. ಅಲ್ಲಿ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ರಾಶಿಗಳ ನಡುವೆ, ಬೇಸಿಗೆಯಲ್ಲಿ ಊರಿನಿಂದ ತಂದ ಹೊಸ ಶೆಟ್ಟರ ಗೊಂಬೆ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು.

"ಇವರು ಯಾರು?"

ದಿನಸಿ ಅಂಗಡಿಯವರು ಎಂದು ಮಗಳು ಜರ್ಮನ್‌ನಲ್ಲಿ ಹೇಳಿದಳು. ಫ್ರಾವ್ ಬೆಕ್ ಮಂಡಿ ಹಿಡಿದು ಬಗ್ಗಿ, ಶೆಟ್ಟರನ್ನು ಅಂಗೈಯಲ್ಲಿ ಕೂರಿಸಿಕೊಂಡರು.

"ಅಪ್ಪ ಇಲ್ಲಿದ್ದಾರಲ್ಲ" ಎಂದರು. "ಯುದ್ಧಕೈದಿಗಳ ಸೆರೆಯಿಂದ ಬಂದಮೇಲೆ ಸಾಯುವವರೆಗೂ ಅಂಗಡಿಯಲ್ಲಿ ಆಲೂಗಡ್ಡೆ ತೂಗಿದರು. ತೂಕ ಮುಗಿದ ಮೇಲೂ ಇನ್ನೊಂದು ಹಾಕುತ್ತಿದ್ದರು."

ಮೇಲಿನ ಮೆಟ್ಟಿಲಲ್ಲಿ ವಿಮಾನದಿಂದ ಖಾಲಿಯಾದ ಜಾಗಕ್ಕೆ ಶೆಟ್ಟರನ್ನು ಏರಿಸಲು ನಾನು ಕೈಚಾಚಿದೆ. ನನ್ನ ಬುದ್ಧಿ ಅಷ್ಟೇ.

"ಬೇಡ" ಎಂದರು. "ಅವರಿಗೆ ಎತ್ತರ ಸಾಕಾಗಿತ್ತು."

ಗೊಂಬೆಯನ್ನು ಅದರ ಜಾಗದಲ್ಲೇ ಇಟ್ಟು, ಕೋಸಂಬರಿ ಮುಗಿಸಿ, ಇನ್ನೂ ಸ್ವಲ್ಪ ಹಾಕಿಸಿಕೊಂಡರು. ಮರುದಿನ ಶೆಟ್ಟರ ಮುಂದೆ ಒಂದು ಪುಟ್ಟ ಆಲೂಗಡ್ಡೆ ಇತ್ತು.

ವಿಮಾನ ಏರುವಾಗ ನಾನು ಈಗಲೂ ಕಣ್ಣು ಮುಚ್ಚುತ್ತೇನೆ. ಧ್ಯಾನವೇ ಎಂದು ಪಕ್ಕದವರು ಕೇಳಿದರೆ ಅಲ್ಲ, ಭಯ ಎನ್ನುತ್ತೇನೆ. ಹನುಮಂತನ ಶ್ಲೋಕ ಮರೆತುಹೋಗುವ ಕಡೆಯಲ್ಲಿ, ಕೆಳಗೆ ನೆಲದ ಮೇಲೆ ಒಬ್ಬರು ಆಲೂಗಡ್ಡೆ ತೂಗುತ್ತಿರುವುದನ್ನು ನೆನೆಯುತ್ತೇನೆ. ತೂಕ ಮುಗಿದ ಮೇಲೂ ಅವರು ಇನ್ನೊಂದು ಹಾಕುತ್ತಾರೆ.